ನೋವಿಗೂ ಒಂದು ದಾಖಲೆ ಬೇಕು



ಠಾಣೆ, ಡೊಂಬಿವಲಿ, ಕಲ್ಯಾಣ್ ಪ್ರದೇಶಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಸೊಂಟ, ಕುತ್ತಿಗೆ, ಮಂಡಿಗಳ ನೋವನ್ನು ವರ್ಷಗಟ್ಟಲೆ ಸಹಿಸಿಕೊಂಡು ಲೋಕಲ್ ರೈಲಿನಲ್ಲಿ ನಿಂತೇ ದುಡಿಮೆಗೆ ಹೋಗಿಬರುವವರಿದ್ದಾರೆ. ಆದರೆ ಅವರ ಚೀಟಿಯಲ್ಲಿ ‘ಮೈಕೈ ನೋವು’ ಎಂದಷ್ಟೇ ಬರೆದಿದ್ದರೆ, ಮುಂದಿನ ವೈದ್ಯರಿಗೆ ಅದರಿಂದ ತಿಳಿಯುವುದು ಅತ್ಯಲ್ಪ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪರಿಗಣಿಸುತ್ತದೆ. ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ, ಬೇರೆಡೆ ಸೇರದ ನೋವಿಗೆ ‘ಆರ್ 52’ ಎಂಬ ಸಂಕೇತವಿದೆ. 2019ರಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಂದು ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣೆಯು ‘ಎಂಜಿ 30’ ಎಂಬ ಸಂಕೇತದಡಿ ದೀರ್ಘಕಾಲಿಕ ನೋವನ್ನು ಏಳು ವರ್ಗಗಳಾಗಿ ವಿಂಗಡಿಸಿತು. ಅನ್ಯ ರೋಗದ ಲಕ್ಷಣವಾಗಿರದೆ ನೋವೇ ಒಂದು ರೋಗವಾಗಿರಬಹುದು ಎಂಬುದನ್ನೂ ಅದು ಮಾನ್ಯ ಮಾಡಿತು.

ನವಿ ಮುಂಬಯಿಯ ಐರೋಲಿಯಂತಹ ಕಡೆಗಳಲ್ಲಿ ನಮ್ಮ ಯುವಜನರು ಅಮೆರಿಕದ ರೋಗಿಗಳ ದಾಖಲೆಗಳಿಗೆ ಸಂಕೇತ ನೀಡುವ ಉದ್ಯೋಗದಲ್ಲಿದ್ದಾರೆ. ಅಲ್ಲಿನ ನಿಯಮದಂತೆ ನೋವು ಇಂತಿಷ್ಟು ದಿನ ಕಳೆದರೆ ದೀರ್ಘಕಾಲಿಕ ಎಂಬ ಗಡುವಿಲ್ಲ. ವೈದ್ಯರು ಹಾಗೆಂದು ಬರೆದಿರಬೇಕು. ಬರೆಯದಿದ್ದುದನ್ನು ಊಹಿಸಿ ಸಂಕೇತ ನೀಡುವಂತಿಲ್ಲ. ದೂರದೇಶದ ರೋಗಿಯ ನೋವನ್ನು ಇಷ್ಟು ಜಾಗರೂಕತೆಯಿಂದ ದಾಖಲಿಸುವ ಮಗನ ತಾಯಿಯ ಚೀಟಿಯಲ್ಲಿ ಎರಡೇ ಪದಗಳಿದ್ದರೆ, ಅದು ಯೋಚಿಸಬೇಕಾದ ಸಂಗತಿಯಲ್ಲವೇ?

ಉತ್ತಮ ದಾಖಲೆಯಲ್ಲಿ ನೋವು ಆರಂಭವಾದ ಕಾಲ, ಸ್ಥಳ, ಸ್ವರೂಪ, ಸೊನ್ನೆಯಿಂದ ಹತ್ತರವರೆಗಿನ ತೀವ್ರತೆ, ತಿಳಿದುಬಂದ ಕಾರಣ, ನಿದ್ರೆ ಮತ್ತು ಕೆಲಸದ ಮೇಲಿನ ಪರಿಣಾಮ, ಸೇವಿಸಿದ ಔಷಧಿಗಳ ಪ್ರಮಾಣ ಹಾಗೂ ಫಲ ಇರತಕ್ಕದ್ದು. ನೋವು ನಿವಾರಕಗಳನ್ನು ಹಲವು ವೈದ್ಯರಿಂದ ಪಡೆಯುವವರಿಗೆ ಇದು ಇನ್ನೂ ಮುಖ್ಯ. ಏಕೆಂದರೆ ಒಂದೇ ಬಗೆಯ ಔಷಧಿ ಎರಡು ಹೆಸರಿನಲ್ಲಿ ಹೊಟ್ಟೆಗೆ ಸೇರಿದರೆ ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿಯಾದೀತು.

ಎಕ್ಸ್‌ರೇಯಲ್ಲಿ ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಇಂತಹ ರೋಗಿಗೆ ಬರಹವೇ ಸಾಕ್ಷಿ. ಆದುದರಿಂದ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಕಾಪಾಡಿಕೊಳ್ಳಿರಿ. ಹದಿನಾಲ್ಕು ಅಂಕಿಗಳ ‘ಆಭಾ’ ಸಂಖ್ಯೆಯನ್ನು ಪಡೆದು ದಾಖಲೆಗಳನ್ನು ಅದಕ್ಕೆ ಜೋಡಿಸಿಕೊಳ್ಳಲೂಬಹುದು. ವೈದ್ಯರ ಮುಂದೆ ‘ಸ್ವಲ್ಪ ನೋವು’ ಎಂದು ಸಂಕೋಚದಿಂದ ಮಾತು ಮುಗಿಸದೆ, ನೋವು ಎಷ್ಟು ಕಾಲದಿಂದ ಇದೆ, ಯಾವ ಕೆಲಸಕ್ಕೆ ಅಡ್ಡಿಯಾಗಿದೆ ಎಂಬುದನ್ನು ಸ್ಪಷ್ಟವಾಗಿ ಹೇಳಿರಿ, ಹೇಳಿದ್ದನ್ನು ಬರೆಯಿಸಿಕೊಳ್ಳಿರಿ.