ಸಿಕ್ಕಿಬಿದ್ದವನಿಗೆ ಬೇಕಾದ ಮಾತು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)

 

ಈ ಶಾಲೆಗೆ ಐವತ್ತು ವರ್ಷ ತುಂಬಿದ ದಿನ ಇದೇ ಅಂಗಳದಲ್ಲಿ ನಿಂತು ಮಾತಾಡುವುದು ನನ್ನ ಭಾಗ್ಯ. ನಾನು ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಆದ್ದರಿಂದ ಆ ಭಾಷೆಯ ಕೆಲವು ಪದಗಳ ಬಗ್ಗೆ ಮಾತ್ರ ಹೇಳುತ್ತೇನೆ. ಎಲ್ಲವೂ ಸಿಕ್ಕಿಬೀಳುವುದಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಒಂದು, ನನ್ನ ಕೈಯಿಂದಲೇ, ನಮ್ಮ ಮನೆಯ ಅನ್ನ ಕಸಿದಿತ್ತು.

ಆಗ ನಾನು ಒಂಬತ್ತನೆಯ ತರಗತಿ. ನಮ್ಮಣ್ಣ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ಒಂದು ಮಳೆಗಾಲ ಕಾಗಿಣಾ ತುಂಬಿ ಸೇತುವೆ ಮುಳುಗಿತು. ಅಣ್ಣ ನಾಲ್ಕು ದಿನ ಈಚೆ ದಂಡೆಯಲ್ಲೇ ಉಳಿದ. ಅಲ್ಲಿನ ಸೂಪರ್‌ವೈಸರ್‌ಗೆ ಕನ್ನಡ ಬರುತ್ತಿರಲಿಲ್ಲ. ಅವ್ವ ನನಗೆ, "ನೀ ಸಾಲಿ ಕಲ್ತಾಂವ, ಒಂದು ಚೀಟಿ ಬರ್ದು ಕೊಡು" ಅಂದಳು. ಹೊಳೆ ಬಂದದ್ದನ್ನು ಬರೆಯಲು ಪದ ಸಿಗಲಿಲ್ಲ, ಆ ಮಾತೇ ಬಿಟ್ಟೆ. ನಿಘಂಟಿನಲ್ಲಿ ತಡೆ ಎಂಬುದಕ್ಕೆ ಇದ್ದ ಪದಗಳಲ್ಲಿ ಅರೆಸ್ಟ್ ಎಂಬುದು ಗತ್ತಿನದಾಗಿ ಕಂಡಿತು. ನಮ್ಮಣ್ಣ ನಾಲ್ಕು ದಿನ ಅರೆಸ್ಟ್ ಆಗಿದ್ದ ಎಂದು ಬರೆದುಕೊಟ್ಟೆ.

ಚೀಟಿ ಓದಿದ ಸೂಪರ್‌ವೈಸರ್ ಹಾಜರಿ ಪುಸ್ತಕದಿಂದ ಅಣ್ಣನ ಹೆಸರು ಹೊಡೆದು ಹಾಕಿದ. ಪೊಲೀಸ್ ಕೇಸಿನವನು ಬೇಡ ಎಂದನಂತೆ. ಅಣ್ಣ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅಳುತ್ತ ನಮ್ಮ ಇಂಗ್ಲಿಷ್ ಮಾಸ್ತರರ ಮುಂದೆ ನಿಂತೆ.

"ನಿಮ್ಮಣ್ಣಗ ಯಾರು ಹಿಡ್ದಿದ್ರಪ್ಪ?"

"ಯಾರೂ ಇಲ್ರಿ ಸರ್, ಹೊಳಿ ಬಂದಿತ್ತರಿ."

"ಮತ್ತ ಪೊಲೀಸರು ಎಲ್ಲಿಂದ ಬಂದ್ರು?"

ಅವರು ಹೊಸ ಚೀಟಿ ಬರೆದರು. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ತಾವೇ ಹೋಗಿ ಕೊಟ್ಟರು. ವಾರದ ಮೇಲೆ ಅಣ್ಣನಿಗೆ ಕೆಲಸ ಮರಳಿ ಸಿಕ್ಕಿತು. ಆ ವಾರದ ಕೂಲಿ ಮಾತ್ರ ಹೋಯಿತು.

ಬರುವಾಗ ದಾರಿಯುದ್ದಕ್ಕೂ ಪಾಠ ನಡೆಯಿತು. ಚಿಂಚೋಳಿ ರಸ್ತೆಯ ರಾಡಿಯಲ್ಲಿ ಬಂಡಿಯ ಗಾಲಿ ಹೂತರೆ ಅದು ಸ್ಟಕ್. ನಾಲ್ಕು ಜನ ನೂಕಿದರೆ ಬರುತ್ತದೆ. ಶಹಾಬಾದಿನ ಹಳೆಯ ಫರ್ಸಿ ಗಣಿಯ ಗುಂಡಿಯಲ್ಲಿ ಆಡು ಬಿದ್ದರೆ ಟ್ರ್ಯಾಪ್ಡ್; ಮೇಲಿನಿಂದ ಯಾರಾದರೂ ಹಗ್ಗ ಬಿಡಲೇಬೇಕು. ಹೊಳೆ ಬಂದು ನಿಂತವನು ಹೆಲ್ಡ್ ಅಪ್. ನೀರು ಇಳಿಯುವವರೆಗೆ ಕಾಯಬೇಕು. ಡಿಟೇನ್ ಎಂಬುದು ಹಲವು ಮನೆಯ ಪದ. ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ಸಿಗದ ಗಾಡಿಯೂ ಡಿಟೇನ್, ನಪಾಸಾಗಿ ಅದೇ ತರಗತಿಯಲ್ಲಿ ಉಳಿದ ಹುಡುಗನೂ ಡಿಟೇನ್, ಪೊಲೀಸರು ಠಾಣೆಯಲ್ಲಿ ಕೂರಿಸಿಕೊಂಡವನೂ ಡಿಟೇನ್. "ಯಾರು ಹಿಡ್ದಾರ, ಯಾಕ ಹಿಡ್ದಾರ ಅಂತ ಮೊದಲು ಕೇಳು, ಆಮ್ಯಾಲ ಪದ ಹುಡುಕು" ಎಂದರು ಮಾಸ್ತರರು.

ನಾನು ಮಾಸ್ತರನಾದ ಮೇಲೆ ಈ ಪಾಠಕ್ಕೆ ಕಾನೂನಿನ ಮಾತನ್ನೂ ಸೇರಿಸಿಕೊಂಡೆ. ನಮ್ಮ ಕಡೆ ಅರೆಸ್ಟ್‌ಗೆ ದಸ್ತಗಿರಿ ಅನ್ನುತ್ತೇವೆ; ಪಾರಸಿಯಲ್ಲಿ ದಸ್ತ ಎಂದರೆ ಕೈ. ಆದರೆ ಹಾಗೆ ಕೈ ಹಾಕಿದವರಿಗೂ ಕಟ್ಟುಪಾಡಿದೆ. ಸಂವಿಧಾನದ 22ನೆಯ ವಿಧಿಯಂತೆ ಬಂಧಿಸಿದವನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುಂಜಾಗ್ರತೆಯ ಬಂಧನಕ್ಕೆ ಮಾತ್ರ ಬೇರೆ ನಿಯಮ.

ಇನ್ನೆರಡು ಪದಗಳಿವೆ. ನಾವು ಹೋಗಲು ಹಕ್ಕಿರುವ ದಾರಿಗೆ ಯಾರಾದರೂ ಅಡ್ಡ ನಿಂತು ತಡೆದರೆ ರಿಸ್ಟ್ರೇಂಟ್. ಯಾವ ಕಡೆಗೂ ಹೊರಹೋಗದಂತೆ ಕೂಡಿ ಹಾಕಿದರೆ ಕನ್‌ಫೈನ್‌ಮೆಂಟ್. ಹಳೆಯ ದಂಡಸಂಹಿತೆಯಲ್ಲಿ ಇವು 339 ಮತ್ತು 340ನೆಯ ಕಲಮುಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 126 ಮತ್ತು 127. ಮೊದಲನೆಯದಕ್ಕೆ ಒಂದು ತಿಂಗಳವರೆಗೆ ಸಜೆ, ಎರಡನೆಯದಕ್ಕೆ ಒಂದು ವರ್ಷದವರೆಗೆ. ಕೊಟ್ಟ ಮುಂಗಡ ತೀರಲಿಲ್ಲವೆಂದು ಕೂಲಿಯವರನ್ನು ಕೋಣೆಯಲ್ಲಿ ಕೂಡಿ ಹಾಕುವ ಹಕ್ಕು ಯಾವ ಧಣಿಗೂ ಇಲ್ಲ.

ಕೊನೆಯ ಪದ ಬಾಂಡ್. ಕಾಗದವೂ ಬಾಂಡ್, ಕಟ್ಟಿ ಹಾಕುವುದೂ ಬಾಂಡ್. ಅದರಿಂದಲೇ ಬಾಂಡೆಡ್ ಲೇಬರ್ ಬಂತು. ನಾವು ಅದನ್ನು ಜೀತ ಎನ್ನುತ್ತೇವೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು, ಜೀತಕ್ಕೆ ಹಚ್ಚಿದ ಸಾಲವನ್ನೂ ರದ್ದು ಮಾಡಿತು. ಜೀತದವನು ಆ ಸಾಲ ತೀರಿಸಬೇಕಾಗಿಲ್ಲ. ದೂರನ್ನು ಜಿಲ್ಲಾಧಿಕಾರಿಗಳ ತನಕ ಒಯ್ಯಬಹುದು.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಇಂದಿಗೂ ನಮ್ಮ ಜನ ದುಡಿಯಲು ಹೈದರಾಬಾದ್, ಪುಣೆ, ಮುಂಬೈಗೆ ಹೋಗುತ್ತಾರೆ. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋಗುವವರೂ ಅವರಲ್ಲಿ ಇದ್ದಾರೆ. ಕನ್ನಡದಲ್ಲಿ ಸಿಕ್ಕು ಎಂದರೆ ಗಂಟೂ ಹೌದು. ಗಂಟು ಎಲ್ಲಿ ಬಿದ್ದಿದೆ ಎಂದು ತಿಳಿದರೆ ಬಿಡಿಸಬಹುದು. ಅದನ್ನು ತಿಳಿಸುವುದು ಓದಿದವರ ಕೆಲಸ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಶಾಲೆಗೆ ಬೆಂಚು, ಫ್ಯಾನು ಕೊಡೋಣ, ಅದೂ ಬೇಕು. ಅದರ ಜೊತೆಗೆ ರವಿವಾರ ಮುಂಜಾನೆ ಎರಡು ತಾಸು ಇಲ್ಲಿ ಕುಳಿತು ಊರವರ ಕಾಗದ ಓದಿ ಹೇಳೋಣ, ಅರ್ಜಿ ಬರೆದುಕೊಡೋಣ. ಬರುವ ರವಿವಾರ ನಾನು ಬರುತ್ತೇನೆ. ನಮ್ಮಣ್ಣನೂ ಬರುತ್ತಾನೆ. ನಾನು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸದೆ ಇಂದಿಗೂ ಅವನು ಒಯ್ಯುವುದಿಲ್ಲ!