ಕೂಸಿಗೆ ಸ್ವೆಟರ್ ಹೆಣೆಯುವ ಮುಂಚೆ

ತೊಟ್ಟಿಲಿಗೆ ಹಾಕುವ ದಿನ ಕೈಯಾರೆ ಹೆಣೆದದ್ದೇ ಕೊಡಬೇಕು ಅಂತ ಉಣ್ಣೆ ತಂದಿದ್ದೀರಾ? ಕುಂದಾಪ್ರದ ಸೆಖೆಗೆ ಅದು ಆಗೂದಿಲ್ಲ ಮಾರ್ರೆ. ಕೂಸು ಬೆವರುತ್ತದೆ, ಸ್ವೆಟರ್ ಕಪಾಟು ಸೇರುತ್ತದೆ. ಅಕ್ರಿಲಿಕ್ ಅಗ್ಗ, ಆದರೆ ಬೆವರು ಹೀರೂದಿಲ್ಲ.

ಹತ್ತಿ ನೂಲೇ ಬೆಸ್ಟ್. ನಮ್ಮ ಹವೆಗೆ ಹತ್ತಿ ಎಷ್ಟು ಹಿತ ಅಂತ ತಿಳಿಯಬೇಕಾ? ಕೈಮಗ್ಗದ ಉಡುಪಿ ಸೀರೆ ಉಟ್ಟವರನ್ನು ಕೇಳಿ. 2016ರಲ್ಲಿ ಜಿಐ ಮಾನ್ಯತೆ ಪಡೆದ ಸೀರೆ ಅದು.

ಆದರೆ ಹತ್ತಿಗೆ ಉಣ್ಣೆಯಷ್ಟು ಎಳೆತ ಇಲ್ಲ, ಒದ್ದೆಯಾದರೆ ಭಾರಕ್ಕೆ ಜೋಲುತ್ತದೆ. ಹಾಗಾಗಿ ತೋಳಿಲ್ಲದ ಸಣ್ಣ ಅಂಗಿಯ ಪ್ಯಾಟರ್ನ್ ಆರಿಸಿ. ಮೊದಲು ನಾಲ್ಕಿಂಚಿನ ತುಂಡು ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಜಾಳುಜಾಳು ಡಿಸೈನ್ ಚಂದವೇ, ಆದರೆ ಕೂಸಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಾಗಿ ಹೆಣೆಯಿರಿ. ಗುಂಡಿಯೂ ಬೇಡ, ಕಿತ್ತು ಬಂದರೆ ಬಾಯಿಗೇ ಹೋಗೂದು.