ಸಾಲ ತೀರಿದ ಮೇಲೂ ತೀರದ ಭಯ

(ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಆಡಿದ ಮಾತು)



ಉಳಿತಾಯ ಮಾಡಿ ಎಂದು ನಮಗೆ ಉಪದೇಶ ಮಾಡಲು ಬರುವವರಿಗೇನೂ ಕಡಿಮೆ ಇಲ್ಲ. ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಮೂಟೆಯ ಅಡಿಯಲ್ಲಿ, ಸೆರಗಿನ ಗಂಟಿನಲ್ಲಿ ಕಾಸು ಉಳಿಸಿಯೇ ಸಂಸಾರ ತೂಗಿಸಿದವರು ನಾವು. ನಾನು ಇಂದು ಹೇಳಬೇಕೆಂದಿರುವುದು ಬೇರೆ. ಕಷ್ಟದ ಕಾಲ ಕಳೆದ ಮೇಲೂ ದುಡ್ಡಿನ ಭಯ ನಮ್ಮನ್ನು ಬಿಡುವುದಿಲ್ಲವಲ್ಲ, ಅದರ ಬಗ್ಗೆ.

ತವರಿನವರು ನನಗೆ ಹಾಕಿದ ಚಿನ್ನ ಗಂಡನ ಮನೆಯವರ ಕೈಯಿಂದ ಗಿರವಿ ಅಂಗಡಿಗೆ ಹೋಯಿತು, ಮರಳಿ ಬರಲಿಲ್ಲ. ಕೇಳಿದರೆ ಹೊಡೆತ. ಆಮೇಲೆ ನನ್ನ ಹೆಸರಿನಲ್ಲಿ ಸಾಲ, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಕೇಳಲು ಐದೇ ಐದು. ಇಪ್ಪತ್ತು ತಿಂಗಳು ಕಳೆದರೆ ಬಡ್ಡಿಯೇ ಅಸಲಿನಷ್ಟಾಗುತ್ತದೆ. ಆ ಮನೆಯಿಂದ ಹೊರಬಂದು, ಹೊಲಿಗೆ ಯಂತ್ರ ತುಳಿದು, ಆರು ವರ್ಷದಲ್ಲಿ ತೀರಿಸಿದೆ. ತೀರಿದ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ. ಬಾಗಿಲ ಮುಂದೆ ಬೈಕು ನಿಂತ ಸದ್ದಾದರೆ ವಸೂಲಿಯವರೇ ಬಂದರೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಹಲ್ಲು ನೋವಿಗೆ ಡಾಕ್ಟರ ಹತ್ತಿರ ಹೋಗಲು ಹಣವಿತ್ತು, ಮನಸ್ಸು ಬರುತ್ತಿರಲಿಲ್ಲ. ನನಗಾಗಿ ಐವತ್ತು ರೂಪಾಯಿ ತೆಗೆದರೆ ಯಾರೋ ಬೆನ್ನ ಹಿಂದೆ ನಿಂತು ಲೆಕ್ಕ ಕೇಳಿದಂತಾಗುತ್ತಿತ್ತು.

ನಮ್ಮ ಸಂಘದಲ್ಲಿ ಇದಕ್ಕೆ ತದ್ವಿರುದ್ಧವಾದವರೂ ಇದ್ದಾರೆ. ಕೂಲಿ ಬಂದ ಸಂಜೆಯೇ ಸಂತೆಯಲ್ಲಿ ಎಲ್ಲವನ್ನೂ ಖರ್ಚು ಮಾಡಿಬಿಡುತ್ತಾರೆ. ಜನ ಅವರನ್ನು ದುಂದುಗಾರ್ತಿಯರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿಯವರೆಗೆ ಉಳಿದರೆ ಆ ಹಣ ಗಂಡನ ಜೇಬಿಗೆ, ಅಲ್ಲಿಂದ ಹೆಂಡದಂಗಡಿಗೆ ಹೋಗುತ್ತದೆಂದು ಪೆಟ್ಟು ತಿಂದು ಕಲಿತವಳು, ಹಣವನ್ನು ಬೇಳೆ ಎಣ್ಣೆ ಮಾಡಿಟ್ಟರೆ ಅದು ಜಾಣತನ. ತೊಂದರೆ ಏನೆಂದರೆ, ಕಿತ್ತುಕೊಳ್ಳುವವರು ಇಲ್ಲದಾದ ಮೇಲೂ ಕೈ ಹಾಗೆಯೇ ನಡೆಯುತ್ತದೆ.

ಬಚ್ಚಿಡುವ ಕೈಯೂ ಅಷ್ಟೇ. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟುಗಳು ರದ್ದಾದಾಗ, ಎಷ್ಟೋ ಹೆಂಗಸರು ಗುಟ್ಟಾಗಿಟ್ಟಿದ್ದ ಗಂಟನ್ನು ಗಂಡನ ಮುಂದೆಯೇ ಬಿಚ್ಚಬೇಕಾಯಿತು. ಕಳ್ಳಿ ಎಂದು ಅನ್ನಿಸಿಕೊಳ್ಳಬೇಕಾಯಿತು. ತಾನು ದುಡಿದದ್ದಕ್ಕೆ!

ಕದ್ದವರು ಯಾರು ಎಂಬುದನ್ನು ಕಾನೂನು ಬೇರೆಯಾಗಿಯೇ ಹೇಳುತ್ತದೆ. ಸ್ತ್ರೀಧನ ಹೆಂಡತಿಯ ಸ್ವಂತದ್ದು, ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅವರದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲೇ ತೀರ್ಪು ಕೊಟ್ಟಿದೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೂ ಬೇರೆಯವರು ಅದನ್ನು ಮದುವೆಗೆ ಮೊದಲು ತೆಗೆದುಕೊಂಡಿದ್ದರೆ, ಮದುವೆಯಾದ ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕೆಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮು ಹೇಳುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಂತೂ ಹೊಡೆತವನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ಮನೆಖರ್ಚಿಗೆ ಕೊಡದೆ ಸತಾಯಿಸುವುದು, ನಮ್ಮ ಒಡವೆ ಮಾರಿಬಿಡುವುದು, ಇವೂ ಆರ್ಥಿಕ ಹಿಂಸೆಯೇ.

ನನ್ನ ಭಯ ಸಡಿಲವಾದದ್ದು ಒಂದು ನೋಟ್‌ಪುಸ್ತಕದಿಂದ. ಮಗಳ ಹಳೆಯ ಪುಸ್ತಕದಲ್ಲಿ ಖಾಲಿ ಉಳಿದ ಹಾಳೆಗಳಲ್ಲಿ ರಾತ್ರಿ ಎರಡೇ ಸಾಲು ಬರೆಯುತ್ತಿದ್ದೆ: ಇಂದು ಬಂದದ್ದು, ಇಂದು ಹೋದದ್ದು. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಮೂರು ತಿಂಗಳಾದ ಮೇಲೆ ಕೂಡಿ ನೋಡಿದರೆ ಪ್ರತಿ ತಿಂಗಳೂ ಅಷ್ಟಿಷ್ಟು ಉಳಿಯುತ್ತಿತ್ತು. ಎಷ್ಟಿದೆ ಎಂದು ನೋಡುವುದಕ್ಕೇ ಹೆದರುತ್ತಿದ್ದವಳಿಗೆ ಒಂದು ಅಂಕಿ ಸಿಕ್ಕಿತು. ಅದನ್ನು ಸಂಘದಲ್ಲಿ ಬಾಯಿಬಿಟ್ಟು ಹೇಳಿದೆ. ಆಮೇಲೆ ಇನ್ನೊಂದು ಸಾಲು ಸೇರಿಸಿದೆ, 'ನನಗೆ' ಎಂದು. ತಿಂಗಳಿಗೆ ನೂರು ರೂಪಾಯಿ. ನಗಬೇಡಿ, ಮೊದಲ ನೂರು ಖರ್ಚು ಮಾಡಲು ನನಗೆ ಇಪ್ಪತ್ತಾರು ದಿನ ಹಿಡಿಯಿತು! ಮೂರನೆಯ ತಿಂಗಳು ಹಲ್ಲು ಕೀಳಿಸಿಕೊಂಡು ಬಂದೆ.

ಈಗ ಒಂದು ಕಹಿ ಮಾತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾಯಿತು. ಖಾತೆ ನಮ್ಮ ಹೆಸರಿನಲ್ಲಿ, ಸರಿ. ಎಟಿಎಂ ಕಾರ್ಡು ಯಾರ ಹತ್ತಿರ ಇದೆ? ಅದರ ಗುಟ್ಟಿನ ಸಂಖ್ಯೆ ಯಾರಿಗೆ ಗೊತ್ತು? ಸಂಘದ ಸಾಲವೂ ಹಾಗೆಯೇ. ರುಜು ನಮ್ಮದು, ಕಂತು ನಮ್ಮದು, ಹಣ ಅವನದು. ಅದಕ್ಕೇ ನಮ್ಮ ಸಂಘದಲ್ಲಿ ಸಾಲ ಮಂಜೂರು ಮಾಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ಈ ಹಣ ಯಾರ ಕೈಯಲ್ಲಿರುತ್ತದೆ? ಕೆಲವರು ತಲೆ ತಗ್ಗಿಸುತ್ತಾರೆ. ಆಗ ಸಾಲಕ್ಕಿಂತ ಮೊದಲು ಅವರ ಮನೆಯ ಮಾತು ಆಡುತ್ತೇವೆ. ಬೇಕಾದರೆ ಇಬ್ಬರು ಜೊತೆಗೂ ಹೋಗುತ್ತೇವೆ. ಕಂತು ತಪ್ಪಿದವಳ ಮನೆ ಮುಂದೆ ಗುಂಪು ಕಟ್ಟಿಕೊಂಡು ಹೋಗಿ ಕೂರುವ ಪದ್ಧತಿ ಮಾತ್ರ ನಮ್ಮಲ್ಲಿ ಇಲ್ಲ. ಕಿರುಸಾಲದವರ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನನ್ನೇ ತರಬೇಕಾಯಿತು. ನಾವೇ ಒಬ್ಬರಿಗೊಬ್ಬರು ವಸೂಲಿಯವರಾಗುವುದು ಬೇಡ.

ಮುಂದಿನ ಸಭೆಗೆ ಎಲ್ಲರೂ ಪಾಸ್‌ಪುಸ್ತಕ ತನ್ನಿ. ಎಂಟ್ರಿ ಹಾಕಿಸದೆ ವರ್ಷವಾಗಿದ್ದರೂ ಚಿಂತೆಯಿಲ್ಲ, ಒಟ್ಟಿಗೇ ಬ್ಯಾಂಕಿಗೆ ಹೋಗಿ ಹಾಕಿಸೋಣ. ನಾಮಿನಿ ಅಂತ ಯಾರ ಹೆಸರಿದೆ ಎಂಬುದನ್ನೂ ಅಲ್ಲೇ ಕೇಳೋಣ. ಕಾರ್ಡು ಮಗನ ಹತ್ತಿರ ಇದ್ದರೆ, ಇವತ್ತು ರಾತ್ರಿಯೇ ಇಸಿದುಕೊಳ್ಳಿ.